ಕೊಳ್ಳುವವರೇ ಮಾರುವವರಾದಾಗ: ವಿದ್ಯುತ್ ಮಾರುಕಟ್ಟೆಯ ಕುರಿತು ಓದುಗರ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಓದುಗರಿಂದ ವಿದ್ಯುತ್ತಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಮತ್ತು ಗೇರುಸೊಪ್ಪೆಯ ಜಲವಿದ್ಯುದಾಗಾರಗಳು ಹಾಗೂ ಕೈಗಾದ ನಾಲ್ಕು ಅಣು ಘಟಕಗಳು ಸೇರಿದರೆ ಈ ಒಂದೇ ಜಿಲ್ಲೆಯ ಉತ್ಪಾದನಾ ಸಾಮರ್ಥ್ಯ 2,300 ಮೆಗಾವ್ಯಾಟನ್ನು ಮೀರುತ್ತದೆ. ಇಷ್ಟಾದರೂ ಉತ್ಪಾದನೆ ನಿಗಮಗಳ ಕೆಲಸವಾಗಿಯೂ ಬಿಲ್ಲು ಕಟ್ಟುವುದು ಜನರ ಕೆಲಸವಾಗಿಯೂ ಉಳಿದುಬಂದಿತ್ತು. ಆ ವಿಂಗಡಣೆ ಈಗ ಸಡಿಲವಾಗುತ್ತಿದೆ ಎಂಬುದು ಬಂದಿರುವ ಪ್ರಶ್ನೆಗಳಿಂದಲೇ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಮನೆಯ ಮಾಡಿನ ಮೇಲೆ 5 ಕಿಲೋವ್ಯಾಟಿನ ಸೌರ ಘಟಕ ಹಾಕಿಸಿದ್ದೇವೆ. ಫೆಬ್ರವರಿಯಿಂದ ಮೇ ತನಕ ಬಳಸಿ ಮಿಗುವಷ್ಟು ಕರೆಂಟು ಬರುತ್ತದೆ. ಅದನ್ನು ಕಡಿಮೆ ದರಕ್ಕೆ ಕಂಪನಿಗೆ ಕೊಡುವ ಬದಲು ಪಕ್ಕದ ಮನೆಯವರಿಗೇ ಮಾರಬಹುದೇ? ನಾವೀಗ ಗ್ರಾಹಕರೋ, ಉತ್ಪಾದಕರೋ?
– ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಉತ್ತರ: ನೀವು ಈಗ ಎರಡೂ ಆಗಿದ್ದೀರಿ, ಕಾನೂನು ಕೂಡ ಅದನ್ನು ಒಪ್ಪಿಕೊಂಡಿದೆ. ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಂದು ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ಗ್ರಿಡ್ಡಿನಿಂದ ವಿದ್ಯುತ್ ಪಡೆಯುತ್ತಲೇ ಅದೇ ಸಂಪರ್ಕದ ಮೂಲಕ ಗ್ರಿಡ್ಡಿಗೆ ವಿದ್ಯುತ್ ಹರಿಸಬಲ್ಲವರನ್ನು ‘ಪ್ರೊಸ್ಯೂಮರ್’ ಎಂದು ಗುರುತಿಸಿ, ಸಾಮಾನ್ಯ ಗ್ರಾಹಕರಿಗಿರುವ ಹಕ್ಕುಗಳೆಲ್ಲ ಅವರಿಗೂ ಇರುತ್ತವೆ ಎಂದು ಹೇಳಿವೆ.

ಈ ಸ್ಥಿತಿಗೆ ಬರಲು ಎರಡು ದಶಕಗಳು ಹಿಡಿದವು. 1999ರ ಆಗಸ್ಟ್‌ವರೆಗೆ ವಿದ್ಯುತ್ತನ್ನು ಸಾಗಿಸುವುದು ಮತ್ತು ಮನೆಮನೆಗೆ ಹಂಚುವುದು ಎರಡೂ ಕರ್ನಾಟಕ ವಿದ್ಯುತ್ ಮಂಡಳಿಯ ಕೈಯಲ್ಲಿದ್ದವು. ಮಂಡಳಿಯ ಜಾಗಕ್ಕೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, ಎಂದರೆ ಕೆಪಿಟಿಸಿಎಲ್ ಬಂದು, 2002ರ ಜೂನ್‌ನಲ್ಲಿ ಹಂಚಿಕೆಯ ಕೆಲಸ ಅದರಿಂದಲೂ ಬೇರೆಯಾಗಿ ಹೆಸ್ಕಾಂ ಮುಂತಾದ ಕಂಪನಿಗಳು ಹುಟ್ಟಿದವು. ದರ ನಿಗದಿಯ ಅಧಿಕಾರ ಸರ್ಕಾರದಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ, ಎಂದರೆ ಕೆಇಆರ್‌ಸಿಗೆ ಹೋಯಿತು. ಬಳಿಕ ಬಂದ 2003ರ ವಿದ್ಯುಚ್ಛಕ್ತಿ ಕಾಯ್ದೆ ಉತ್ಪಾದನೆಗೆ ಲೈಸೆನ್ಸ್ ಬೇಕೆಂಬ ಕಟ್ಟುಪಾಡನ್ನು ತೆಗೆದುಹಾಕಿತು. ನಿಮ್ಮ ಮಾಡಿನ ಮೇಲೆ ಇಂದು ಫಲಕಗಳು ಕುಳಿತಿರುವುದಕ್ಕೆ ಕಾನೂನಿನ ಅಡಿಪಾಯ ಅಲ್ಲಿದೆ.

ಆದರೆ ಅದೇ ಕಾಯ್ದೆ ಹಂಚಿಕೆಗೆ ಲೈಸೆನ್ಸ್ ಬೇಕೆಂಬುದನ್ನು ಹಾಗೆಯೇ ಉಳಿಸಿಕೊಂಡಿತು. ಆದ್ದರಿಂದ ನಿಮ್ಮ ಮನೆಯಿಂದ ಪಕ್ಕದ ಮನೆಗೆ ನೀವೇ ತಂತಿ ಎಳೆದು ಮಾರುವುದು ಲೈಸೆನ್ಸ್ ಇಲ್ಲದ ಹಂಚಿಕೆಯಾಗುತ್ತದೆ. ಅದಕ್ಕೆ ಯಾವ ಕಾರಣಕ್ಕೂ ಕೈಹಾಕಬೇಡಿ, ಅದು ಅಪಾಯಕಾರಿಯೂ ಹೌದು. ಮಾರಾಟ ನಡೆಯಬೇಕಾದದ್ದು ಈಗಿರುವ ತಂತಿಯ ಮೇಲೆಯೇ, ಲೆಕ್ಕದ ರೂಪದಲ್ಲಿ. ಭೌತಿಕವಾಗಿ ನೋಡಿದರೆ ಮಧ್ಯಾಹ್ನ ನಿಮ್ಮ ಮನೆಯಿಂದ ಹೊರಹೋಗುವ ಹೆಚ್ಚುವರಿ ವಿದ್ಯುತ್ತು ಹುಬ್ಬಳ್ಳಿಗೆ ಹೋಗುವುದಿಲ್ಲ, ನಿಮ್ಮದೇ ಟಿಸಿಗೆ (ವಿದ್ಯುತ್ ಪರಿವರ್ತಕಕ್ಕೆ) ಸೇರಿದ ಹತ್ತಿರದ ಮನೆಗಳಲ್ಲಿ ಖರ್ಚಾಗುತ್ತದೆ. ಪಕ್ಕದ ಮನೆಯವರು ಬಳಸುತ್ತಿರುವುದು ಈಗಲೂ ನಿಮ್ಮ ವಿದ್ಯುತ್ತನ್ನೇ. ಹಣ ಮಾತ್ರ ಕಂಪನಿಯ ಮೂಲಕ ಹೋಗುತ್ತದೆ.

ಹಣದ ಲೆಕ್ಕವನ್ನೂ ನೆರೆಹೊರೆಯವರ ನಡುವೆಯೇ ಇಡುವ ಪ್ರಯೋಗಗಳು ನಡೆದಿವೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2016ರಲ್ಲಿ ಒಂದೇ ಬೀದಿಯ ನಿವಾಸಿಗಳ ನಡುವೆ ಸೌರ ವಿದ್ಯುತ್ತಿನ ಕೊಡುಕೊಳ್ಳುವಿಕೆಯನ್ನು ಪರೀಕ್ಷಿಸಲಾಯಿತು. ನಮ್ಮ ದೇಶದಲ್ಲಿ ಲಖನೌ ನಗರ ಇಂತಹ ಪ್ರಯೋಗಕ್ಕೆ ಮೊದಲು ತೆರೆದುಕೊಂಡಿತು. ಈ ಪದ್ಧತಿ ನಡೆಯಲು ಆಯೋಗದ ನಿಯಮ, ಆಯೋಗ ಒಪ್ಪಿದ ವ್ಯವಹಾರ ವೇದಿಕೆ, ಮತ್ತು ಮಾರುವವರು ಕೊಳ್ಳುವವರು ಇಬ್ಬರ ಮನೆಯಲ್ಲೂ 15 ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸುವ ಸ್ಮಾರ್ಟ್ ಮೀಟರ್ ಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ವ್ಯವಹಾರ ನಡೆಯುವುದಿಲ್ಲ. ತಂತಿಯ ಬಾಡಿಗೆಯನ್ನು ಕಂಪನಿಗೆ ಕೊಡಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮಗೆ ಸಿಗುವ ಬೆಲೆ ಮನೆ ಬಳಕೆಯ ಪೂರ್ತಿ ದರವಾಗಿರುವುದಿಲ್ಲ. ಆ ದರಕ್ಕೂ ಕಂಪನಿ ಹೆಚ್ಚುವರಿ ವಿದ್ಯುತ್ತಿಗೆ ಕೊಡುವ ದರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ.

ಪ್ರಶ್ನೆ: ಸೌರ ಫಲಕ ಹಾಕಿಸಿದರೆ ಕರೆಂಟು ಹೋಗುವ ತೊಂದರೆ ಇರುವುದಿಲ್ಲ ಎಂದು ನಂಬಿದ್ದೆ. ಜೂನ್‌ನಲ್ಲಿ ಗಾಳಿಗೆ ಮರ ಬಿದ್ದು ಲೈನು ತುಂಡಾದಾಗ, ಹೊರಗೆ ಬಿಸಿಲು ಬಂದಿದ್ದರೂ ನಮ್ಮ ಮನೆಯೂ ಕತ್ತಲಲ್ಲಿತ್ತು. ಉತ್ಪಾದಕಿಯಾದ ನನಗೇ ಕರೆಂಟು ಇಲ್ಲವೆಂದರೆ ಹೇಗೆ?
– ನಿವೃತ್ತ ಶಿಕ್ಷಕಿ, ಕಾರವಾರ

ಉತ್ತರ: ನಿಮ್ಮ ಘಟಕದಲ್ಲಿ ದೋಷವಿಲ್ಲ. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಗ್ರಿಡ್ಡಿನಲ್ಲಿ ವಿದ್ಯುತ್ ಇಲ್ಲವೆಂದು ತಿಳಿದ ತಕ್ಷಣ ತಾನೂ ನಿಲ್ಲುವಂತೆ ರಚಿತವಾಗಿದೆ, ಮತ್ತು ಇದು ಕಡ್ಡಾಯ. ಮುರಿದ ತಂತಿಯನ್ನು ಜೋಡಿಸಲು ಲೈನ್‌ಮನ್ ಕಂಬ ಏರಿರುವಾಗ ಯಾವುದೋ ಮನೆಯ ಮಾಡಿನಿಂದ ವಿದ್ಯುತ್ ಹಿಮ್ಮುಖವಾಗಿ ಹರಿದುಬಂದರೆ ಆತನ ಜೀವಕ್ಕೇ ಸಂಚಕಾರ. ಮಳೆಗಾಲದಲ್ಲಿ ಘಟ್ಟದ ಕಾಡುಗಳ ನಡುವೆ ಲೈನ್‌ಮನ್‌ಗಳು ಮಾಡುವ ಕೆಲಸವನ್ನು ಕಂಡವರಿಗೆ ಈ ನಿಯಮದ ತೂಕ ಗೊತ್ತಾಗುತ್ತದೆ.

ಇನ್ನೊಂದು ಕಾರಣ ಪಾತ್ರಕ್ಕೆ ಸಂಬಂಧಿಸಿದ್ದು. ನೀವು ವಿದ್ಯುತ್ತನ್ನು ಉತ್ಪಾದಿಸುತ್ತೀರಿ, ಆದರೆ ಗ್ರಿಡ್ಡಿನ ಸ್ಥಿರತೆಯನ್ನು ಕಾಪಾಡುವ ಹೊಣೆ ಇನ್ನೂ ನಿಮ್ಮ ಮೇಲಿಲ್ಲ. ದೇಶದ ಗ್ರಿಡ್ ಸೆಕೆಂಡಿಗೆ 50 ಆವರ್ತನಗಳ ಸುತ್ತಮುತ್ತಲೇ ಇರಬೇಕು. ಬೇಡಿಕೆ ಹೆಚ್ಚಿದರೆ ಆವರ್ತನ ಇಳಿಯುತ್ತದೆ, ಉತ್ಪಾದನೆ ಹೆಚ್ಚಿದರೆ ಏರುತ್ತದೆ. ಅದನ್ನು ಹಿಡಿದು ನಿಲ್ಲಿಸುವಲ್ಲಿ ನಾಗಝರಿಯಂತಹ ಜಲವಿದ್ಯುದಾಗಾರಗಳ ಪಾತ್ರ ದೊಡ್ಡದು, ಏಕೆಂದರೆ ಅಲ್ಲಿನ ಉತ್ಪಾದನೆಯನ್ನು ನಿಮಿಷಗಳಲ್ಲಿ ಏರಿಸಬಹುದು, ಇಳಿಸಬಹುದು. ಮನೆಯ ಇನ್ವರ್ಟರ್ ಆ ಲಯವನ್ನು ಅನುಸರಿಸುತ್ತದೆ, ತಾನಾಗಿ ಲಯ ಹಾಕುವುದಿಲ್ಲ. ನಿಮ್ಮ ಮನೆಗೆ ಮಾತ್ರ ಬೆಳಕು ಬೇಕಿದ್ದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಹಾಕಿಸಿಕೊಳ್ಳಬಹುದು; ಅದು ಗ್ರಿಡ್ಡಿನಿಂದ ಮನೆಯನ್ನು ಬೇರ್ಪಡಿಸಿ ಒಳಗಿನ ಕೆಲವು ಸಾಧನಗಳನ್ನು ನಡೆಸುತ್ತದೆ. ಖರ್ಚು ಗಣನೀಯವಾಗಿ ಹೆಚ್ಚು. ಫ್ರಿಜ್, ದೀಪ, ಫ್ಯಾನ್, ಮೊಬೈಲ್ ಚಾರ್ಜ್‌ಗಳಿಗೆ ಸಾಕಾಗುವಷ್ಟು ಚಿಕ್ಕ ಬ್ಯಾಟರಿಯಿಂದ ಆರಂಭಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಮನೆಗೆ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ ಬರುತ್ತದೆ. ಹೀಗಿರುವಾಗ ಮಾಡಿನ ಮೇಲೆ ಫಲಕ ಹಾಕಿಸುವುದರಿಂದ ನಮಗೇನು ಲಾಭ? ಉಳ್ಳವರು ಹಾಕಿಸಿಕೊಂಡು ಬಿಲ್ಲಿನಿಂದ ತಪ್ಪಿಸಿಕೊಂಡರೆ ತಂತಿ, ಕಂಬಗಳ ಖರ್ಚು ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ?
– ಗೃಹಿಣಿ, ಕುಮಟಾ

ಉತ್ತರ: ಈ ಬಾರಿ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಇದು. ವಿಕೇಂದ್ರೀಕೃತ ವಿದ್ಯುತ್ತಿನ ಕುರಿತ ಉತ್ಸಾಹದ ಮಾತುಗಳಲ್ಲಿ ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗೆ ಸರಿಸಲಾಗುತ್ತದೆ.

ಮೊದಲು ನಿಮ್ಮ ಮನೆಯ ಲೆಕ್ಕ. 2023ರ ಜುಲೈಯಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿತ ಹೆಚ್ಚುವರಿ ಸೇರಿಸಿ, 200 ಯೂನಿಟ್ ಮೀರದಂತೆ, ಮನೆ ಬಳಕೆಯ ವಿದ್ಯುತ್ತಿನ ಹಣವನ್ನು ಸರ್ಕಾರ ಕಂಪನಿಗೆ ಭರಿಸುತ್ತದೆ. ಬಿಲ್ಲೇ ಇಲ್ಲದ ಮನೆಗೆ ಉಳಿತಾಯದ ಮಾತು ಅನ್ವಯಿಸುವುದಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿಯವರೆಗೆ ಸಹಾಯಧನವಿದ್ದರೂ ಉಳಿದ ಹಣವನ್ನು ನೀವೇ ಹೂಡಬೇಕು. ಈ ಸ್ಥಿತಿಯಲ್ಲಿ ನಿಮ್ಮಂತಹ ಮನೆಗಳು ಹಿಂದೆ ಸರಿಯುವುದು ಸಹಜ. ಒಂದು ಕೈಯಿಂದ ಫಲಕಕ್ಕೆ ಸಹಾಯಧನ, ಇನ್ನೊಂದು ಕೈಯಿಂದ ಫಲಕ ಬೇಡವೆನ್ನಿಸುವ ಉಚಿತ ವಿದ್ಯುತ್ತು, ಇವೆರಡೂ ಒಂದೇ ಮನೆಯನ್ನು ವಿರುದ್ಧ ದಿಕ್ಕುಗಳಿಗೆ ಎಳೆಯುತ್ತಿವೆ. ಸರ್ಕಾರ ಪ್ರತಿ ವರ್ಷ ನಿಮ್ಮ ಪರವಾಗಿ ಕಟ್ಟುವ ಹಣದ ಒಂದು ಭಾಗವನ್ನು ಒಮ್ಮೆಗೇ ಬಂಡವಾಳವಾಗಿ ಕೊಟ್ಟು, ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಮೇಲೆ ಹತ್ತಾರು ಬಡ ಮನೆಗಳ ಹೆಸರಿನಲ್ಲಿ ಒಂದೇ ಘಟಕ ಹಾಕಿಸಿದರೆ, ಆ ಮನೆಗಳಿಗೆ ಆಸ್ತಿಯೂ ಸಿಗುತ್ತದೆ, ಸರ್ಕಾರದ ಹೊರೆಯೂ ಕ್ರಮೇಣ ಇಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದು ಘಟಕದ ವಿದ್ಯುತ್ತನ್ನು ಹಲವು ಮೀಟರುಗಳಿಗೆ ಹಂಚಿ ಲೆಕ್ಕ ಹಾಕುವ ಪದ್ಧತಿಗೆ ದೆಹಲಿಯ ಆಯೋಗ 2019ರಲ್ಲೇ ಮಾರ್ಗಸೂಚಿ ಮಾಡಿದೆ. ಇದು ಕೈಗೆಟುಕದ ಕನಸೇನೂ ಅಲ್ಲ.

ಇನ್ನು ತಂತಿ, ಕಂಬಗಳ ಖರ್ಚು. 3 ಕಿಲೋವ್ಯಾಟ್ ಘಟಕವಿರುವ ಮನೆ ಸರಾಸರಿ ದಿನಕ್ಕೆ 12 ಯೂನಿಟ್ ಉತ್ಪಾದಿಸಿ, ಹಗಲಲ್ಲಿ 4 ಬಳಸಿ, ಉಳಿದ 8ನ್ನು ಗ್ರಿಡ್ಡಿಗೆ ಕೊಟ್ಟು, ರಾತ್ರಿ ಅಷ್ಟನ್ನೇ ಹಿಂದಕ್ಕೆ ಪಡೆಯಿತು ಎಂದುಕೊಳ್ಳೋಣ. ಕೊಟ್ಟದ್ದನ್ನೂ ಪಡೆದದ್ದನ್ನೂ ಕಳೆದು ಲೆಕ್ಕ ಹಾಕುವ ನೆಟ್ ಮೀಟರಿನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಆದರೆ ಮಧ್ಯಾಹ್ನದ ಯೂನಿಟ್ಟಿಗೂ ರಾತ್ರಿ 8 ಗಂಟೆಯ ಯೂನಿಟ್ಟಿಗೂ ಸಗಟು ಮಾರುಕಟ್ಟೆಯಲ್ಲಿ ಒಂದೇ ಬೆಲೆಯಿಲ್ಲ. 2008ರಿಂದ ನಡೆಯುತ್ತಿರುವ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ಮಾಡಿ ಪ್ರತಿ ಭಾಗಕ್ಕೂ ಬೇರೆ ಬೆಲೆ ಕಟ್ಟಲಾಗುತ್ತದೆ. ಬಿಸಿಲ ಹೊತ್ತಿನಲ್ಲಿ ಬೆಲೆ ಕುಸಿಯುವುದೂ, ಬೇಸಿಗೆಯ ಸಂಜೆಗಳಲ್ಲಿ ಗರಿಷ್ಠ ಮಿತಿಯಾದ 10 ರೂಪಾಯಿಯನ್ನು ಮುಟ್ಟುವುದೂ ಈಗ ಸಾಮಾನ್ಯ. ಅಗ್ಗದ ಯೂನಿಟ್ ಕೊಟ್ಟು ತುಟ್ಟಿಯ ಯೂನಿಟ್ ಪಡೆಯುವ ಈ ಅದಲುಬದಲಿನ ವ್ಯತ್ಯಾಸವನ್ನು ಕಂಪನಿ ಭರಿಸುತ್ತದೆ, ಮತ್ತು ಮುಂದಿನ ವರ್ಷದ ದರ ಪರಿಷ್ಕರಣೆಯಲ್ಲಿ ಅದು ಎಲ್ಲ ಗ್ರಾಹಕರ ಬಿಲ್ಲಿಗೆ ಸೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಇದೇ ಕಾರಣಕ್ಕೆ 2023ರ ಏಪ್ರಿಲ್‌ನಿಂದ ಹೊಸ ಸೌರ ಮನೆಗಳಿಗೆ ಸರಿಸಮದ ಅದಲುಬದಲನ್ನು ನಿಲ್ಲಿಸಿತು.

ನಮ್ಮ ಜಿಲ್ಲೆಯ ಮನೆಗಳು ಗುಂಪಾಗಿಲ್ಲ. ತೋಟದ ನಡುವೆ ಒಂದು, ಗುಡ್ಡದಾಚೆ ಇನ್ನೊಂದು ಎಂಬಂತೆ ಚದುರಿವೆ, ಹಾಗಾಗಿ ಪ್ರತಿ ಮನೆಗೆ ಬೇಕಾಗುವ ತಂತಿಯ ಉದ್ದ ಬಯಲುಸೀಮೆಗಿಂತ ಹೆಚ್ಚು. ಆ ತಂತಿಯನ್ನು ನಿಭಾಯಿಸುವ ವೆಚ್ಚದಲ್ಲಿ ಸೌರ ಮನೆಗಳೂ ನ್ಯಾಯವಾದ ಪಾಲನ್ನು ಕೊಡಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ವೇಳೆ, ಉದ್ದ ಲೈನುಗಳ ಕೊನೆಯಲ್ಲಿರುವ ಮನೆಗಳಲ್ಲಿ ಉತ್ಪಾದನೆಯಾದ ವಿದ್ಯುತ್ತಿನಿಂದ ಸಾಗಣೆಯ ನಷ್ಟ ತಗ್ಗುತ್ತದೆ. ಆ ಉಪಕಾರವನ್ನೂ ಆಯೋಗ ಲೆಕ್ಕಕ್ಕೆ ತರಬೇಕು. ನಿಗದಿತ ಶುಲ್ಕವನ್ನು ಕಣ್ಣುಮುಚ್ಚಿ ಏರಿಸಿದರೆ ಕಡಿಮೆ ಬಳಸುವ ಮನೆಗೇ ಹೆಚ್ಚು ಪೆಟ್ಟು ಬೀಳುತ್ತದೆ. ಹೊತ್ತಿಗೆ ತಕ್ಕ ದರ ಅದಕ್ಕಿಂತ ನ್ಯಾಯವಾದ ದಾರಿ.

ಪ್ರಶ್ನೆ: ನಮ್ಮದು ಮೀನುಗಾರಿಕೆ ಬಂದರಿನ ಬಳಿ ಐಸ್ ಪ್ಲಾಂಟ್. ನಮ್ಮ ಯಂತ್ರಗಳನ್ನು ಕೆಲವು ಹೊತ್ತು ನಿಲ್ಲಿಸಿದರೆ ಹಣ ಕೊಡಿಸುತ್ತೇವೆ, ಅಗ್ಗದ ಸೌರ ವಿದ್ಯುತ್ತನ್ನೂ ತರಿಸಿಕೊಡುತ್ತೇವೆ ಎಂದು ಒಂದು ಸಂಸ್ಥೆಯವರು ಬಂದಿದ್ದರು. ಇದು ನಂಬುವಂತಹದೇ?
– ಉದ್ಯಮಿ, ಹೊನ್ನಾವರ

ಉತ್ತರ: ವಿಷಯ ನಂಬುವಂತಹದು, ಬಂದ ಸಂಸ್ಥೆಯನ್ನು ಮಾತ್ರ ಕಾಗದಪತ್ರ ನೋಡಿ ನಂಬಬೇಕು. ಇಂತಹ ಸಂಸ್ಥೆಗಳನ್ನು ಅಗ್ರಿಗೇಟರ್ ಎನ್ನುತ್ತಾರೆ. ನೂರಾರು ಸಣ್ಣ ಬಳಕೆದಾರರ ಬೇಡಿಕೆಯನ್ನೋ, ಮಾಡಿನ ಮೇಲಿನ ಉತ್ಪಾದನೆಯನ್ನೋ, ಬ್ಯಾಟರಿಗಳನ್ನೋ ಒಟ್ಟುಗೂಡಿಸಿ, ಮಾರುಕಟ್ಟೆಯ ಮುಂದೆ ಒಂದೇ ದೊಡ್ಡ ಭಾಗಿಯಂತೆ ನಿಲ್ಲುವುದು ಅವುಗಳ ಕೆಲಸ. ಹಳೆಯ ವ್ಯವಸ್ಥೆಯಲ್ಲಿ ಇಂತಹ ಪಾತ್ರವೇ ಇರಲಿಲ್ಲ.

ನಿಮ್ಮ ಉದ್ಯಮಕ್ಕೆ ಇಲ್ಲೊಂದು ವಿಶೇಷ ಅನುಕೂಲವಿದೆ, ಅದನ್ನು ನಮ್ಮ ಕರಾವಳಿಯಲ್ಲಿ ಯಾರೂ ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಐಸ್ ಎಂದರೆ ಕೂಡಿಟ್ಟ ವಿದ್ಯುತ್ತು. ಬೆಳಿಗ್ಗೆ ದೋಣಿ ಹೊರಡುವಾಗ ಬೇಕಾಗುವ ಐಸನ್ನು ಹಿಂದಿನ ದಿನ ಮಧ್ಯಾಹ್ನವೇ ಮಾಡಿಟ್ಟುಕೊಂಡರೆ, ಗ್ರಿಡ್ಡಿಗೆ ಅತಿ ಕಷ್ಟದ ಸಂಜೆಯ ಹೊತ್ತಿನಲ್ಲಿ ನಿಮ್ಮ ಕಂಪ್ರೆಸರುಗಳು ವಿಶ್ರಮಿಸಬಹುದು. ಋತುವೂ ನಿಮ್ಮ ಕಡೆಗಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸೌರ ಉತ್ಪಾದನೆ ನೆಲ ಕಚ್ಚುವ ಮಳೆಗಾಲದ ಆ ಎರಡು ತಿಂಗಳಲ್ಲೇ ಐಸಿನ ಬೇಡಿಕೆಯೂ ಇಳಿದಿರುತ್ತದೆ. ಘಟ್ಟದ ಮೇಲಿನ ಅಡಿಕೆ ತೋಟಗಳ ಪಂಪುಗಳಿಗೂ ಇದೇ ಮಾತು ಹೊಂದುತ್ತದೆ, ಅವು ನೀರೆತ್ತುವುದು ಬಿಸಿಲಿನ ತಿಂಗಳುಗಳಲ್ಲಿ. ಬೇಡಿಕೆ ಬಿಸಿಲನ್ನು ಇಷ್ಟು ಸಹಜವಾಗಿ ಹಿಂಬಾಲಿಸುವ ಜಿಲ್ಲೆಗಳು ಹೆಚ್ಚಿಲ್ಲ.

ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ 2023ರಲ್ಲಿ ತಂದ ತಿದ್ದುಪಡಿಗಳು, ಬಿಸಿಲ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡಾ 20 ಕಡಿಮೆಯಿರಬೇಕು, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ 1.2 ಪಟ್ಟು ಇರಬೇಕು ಎನ್ನುತ್ತವೆ. ರಾಜ್ಯದಲ್ಲಿ ಯಾವ ಹೊತ್ತಿಗೆ ಯಾವ ದರ ಎಂಬುದನ್ನು ಕೆಇಆರ್‌ಸಿಯ ಆ ವರ್ಷದ ದರ ಆದೇಶದಲ್ಲಿ ನೋಡಿಕೊಳ್ಳಿ. ಹೊರಗಿನಿಂದ ಹಸಿರು ವಿದ್ಯುತ್ ತರಿಸಿಕೊಳ್ಳಲು ಬೇಕಾದ ಕನಿಷ್ಠ ಬೇಡಿಕೆಯನ್ನು 2022ರ ನಿಯಮಗಳು 1 ಮೆಗಾವ್ಯಾಟಿನಿಂದ 100 ಕಿಲೋವ್ಯಾಟಿಗೆ ಇಳಿಸಿದ್ದರಿಂದ ನಿಮ್ಮಂತಹ ಘಟಕಗಳಿಗೂ ಬಾಗಿಲು ತೆರೆದಿದೆ. ಆದರೆ ಸಂಸ್ಥೆಯವರು ಹೇಳುವ ಯೂನಿಟ್ ಬೆಲೆಯೊಂದನ್ನೇ ನೋಡಬೇಡಿ. ಸಾಗಣೆ ಶುಲ್ಕ, ತಂತಿ ಬಾಡಿಗೆ, ದಾರಿಯ ನಷ್ಟ, ಅಡ್ಡ ಸಹಾಯಧನದ ಮೇಲ್ತೆರಿಗೆ (ಬೇರೆ ಗ್ರಾಹಕರಿಗೆ ಕೊಡುವ ಕಡಿಮೆ ದರವನ್ನು ತುಂಬಿಸಲು ವಸೂಲಿ ಮಾಡುವ ಶುಲ್ಕ) ಎಲ್ಲ ಸೇರಿ ನಿಮ್ಮ ಮೀಟರಿಗೆ ತಲುಪುವಾಗ ಎಷ್ಟಾಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಯಂತ್ರ ನಿಲ್ಲಿಸಲು ಅವರು ಎಷ್ಟು ಮುಂಚೆ ತಿಳಿಸುತ್ತಾರೆ, ಮೀನಿನ ಹೇರಳ ಹಿಡಿತದ ದಿನ ನೀವು ಒಲ್ಲೆನೆಂದರೆ ದಂಡವಿದೆಯೇ, ನಿಮ್ಮ ಮೀಟರಿನ ಮಾಹಿತಿ ಯಾರ ಸ್ವತ್ತು ಎಂಬ ಮೂರು ಷರತ್ತುಗಳನ್ನು ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ಎಲ್ಲರೂ ತಮ್ಮ ವಿದ್ಯುತ್ತನ್ನು ತಾವೇ ಮಾಡಿಕೊಂಡರೆ ಹೆಸ್ಕಾಂನಂತಹ ಕಂಪನಿಗಳಿಗೆ ಏನು ಕೆಲಸ ಉಳಿಯುತ್ತದೆ?
– ಪದವಿ ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ಕೆಲಸ ಹೆಚ್ಚುತ್ತದೆ, ಅದರ ಸ್ವರೂಪ ಬೇರೆಯಾಗುತ್ತದೆ. ಇದುವರೆಗೆ ವಿದ್ಯುತ್ತು ಗ್ರಿಡ್ ಸ್ಟೇಷನ್ನಿನಿಂದ ಫೀಡರಿಗೆ, ಫೀಡರಿನಿಂದ ಟಿಸಿಗೆ, ಟಿಸಿಯಿಂದ ಮನೆಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಹಳ್ಳಿಯ 25 ಕೆವಿಎ ಟಿಸಿಯೊಂದರ ಮೇಲೆ 5 ಕಿಲೋವ್ಯಾಟಿನ ಐದಾರು ಸೌರ ಘಟಕಗಳು ಬಂದರೆ, ಬಳಕೆ ಕಡಿಮೆಯಿರುವ ಮಧ್ಯಾಹ್ನ ವೋಲ್ಟೇಜು ಏರಿ ಇನ್ವರ್ಟರುಗಳೇ ತಾವಾಗಿ ನಿಂತುಬಿಡಬಹುದು. ಯಾವ ಟಿಸಿ ಎಷ್ಟು ತಡೆದುಕೊಳ್ಳುತ್ತದೆ, ಎಲ್ಲಿ ಮೂರು ಫೇಸುಗಳಲ್ಲಿ ಹೊರೆ ಸರಿಸಮವಿಲ್ಲ, ನಾಳೆ ಮೋಡವಿದ್ದರೆ ಎಷ್ಟು ಕೊಳ್ಳಬೇಕು ಎಂಬುದನ್ನೆಲ್ಲ ಇನ್ನು ಮುಂದೆ ಕಂಪನಿ ಗಂಟೆ ಗಂಟೆಗೆ ತಿಳಿದಿರಬೇಕಾಗುತ್ತದೆ. ಗ್ರಾಹಕರ ಹಕ್ಕುಗಳ ನಿಯಮಗಳ 2024ರ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟಿನವರೆಗಿನ ಅರ್ಜಿಗಳಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನ ಬೇಕಿಲ್ಲ. ಇದರಿಂದ ಅರ್ಜಿದಾರರ ಅಲೆದಾಟ ತಪ್ಪಿತು, ಅದು ಒಳ್ಳೆಯದೇ. ಆದರೆ 5 ಕಿಲೋವ್ಯಾಟಿನವರೆಗಿನ ಘಟಕಗಳಿಗಾಗಿ ತಂತಿಯನ್ನು ಬಲಪಡಿಸುವ ಹೊಣೆ ಪೂರ್ತಿಯಾಗಿ ಕಂಪನಿಯ ಮೇಲೆ ಬಂತು.

ತೊಡಕಿರುವುದು ಬೇರೆ ಕಡೆ. ನಮ್ಮ ಕಂಪನಿಗಳು ತಂತಿಯ ಒಡೆಯರೂ ಹೌದು, ವಿದ್ಯುತ್ತಿನ ಮಾರಾಟಗಾರರೂ ಹೌದು. ತನ್ನ ಗಿರಾಕಿಯನ್ನು ಕಸಿದುಕೊಳ್ಳುವ ನೆರೆಮನೆಯ ಮಾರಾಟಗಾರನಿಗೆ ತಂತಿಯನ್ನು ನಿಷ್ಪಕ್ಷಪಾತವಾಗಿ ಬಿಟ್ಟುಕೊಡು ಎಂದು ಮಾರಾಟಗಾರನೊಬ್ಬನಿಗೆ ಹೇಳುವುದು ಸುಲಭವಲ್ಲ. ತಂತಿಯನ್ನೂ ಮಾರಾಟವನ್ನೂ ಬೇರ್ಪಡಿಸುವ ಪ್ರಸ್ತಾವ 2014ರ ತಿದ್ದುಪಡಿ ಮಸೂದೆಯಲ್ಲಿತ್ತು, ಅದು ಕಾಯ್ದೆಯಾಗಲಿಲ್ಲ. ಬೇರ್ಪಡಿಸಿದರೆ ಲಾಭದ ಗ್ರಾಹಕರೆಲ್ಲ ಖಾಸಗಿಯವರ ಪಾಲಾಗಿ, ಬಡವರೂ ಪಂಪುಸೆಟ್ಟುಗಳೂ ಸರ್ಕಾರಿ ಕಂಪನಿಗೆ ಉಳಿಯಬಹುದೆಂಬ ನೌಕರ ಸಂಘಟನೆಗಳ ಆತಂಕ ಅಕಾರಣವಲ್ಲ. ಬೇರ್ಪಡಿಸುವ ಮುನ್ನ ಒಂದೇ ಕಂಪನಿಯೊಳಗೆ ಎರಡು ಲೆಕ್ಕಗಳನ್ನು ಪ್ರತ್ಯೇಕವಾಗಿ ಇಟ್ಟು ಬಹಿರಂಗಪಡಿಸುವುದರಿಂದ ಆರಂಭಿಸಬಹುದು ಎಂದು ನನಗೆ ತೋರುತ್ತದೆ.

ಪ್ರಶ್ನೆ: ಒಬ್ಬೊಬ್ಬರೇ ಮಾಡುವ ಬದಲು ನಮ್ಮ ಸಹಕಾರಿ ಸಂಘವೇ ವಿದ್ಯುತ್ ಉತ್ಪಾದಿಸಿ ಮಾರಬಹುದೇ? ನಮ್ಮ ಬೆಟ್ಟದ ಜಾಗದಲ್ಲಿ ಫಲಕ ಹಾಕಿಸಬಹುದೇ?
– ಸಹಕಾರಿ ಸಂಘದ ಸದಸ್ಯರು, ಸಿದ್ದಾಪುರ

ಉತ್ತರ: ಸಂಘ ಮಾಡಬಹುದು, ಮತ್ತು ನಮ್ಮ ಜಿಲ್ಲೆಗೆ ಇದಕ್ಕಿಂತ ಒಗ್ಗುವ ದಾರಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಬೆಟ್ಟದಲ್ಲಿ ಮಾತ್ರ ಬೇಡ. ಸೊಪ್ಪಿನ ಬೆಟ್ಟ ಅರಣ್ಯ ಭೂಮಿ. ತೋಟಿಗರಿಗೆ ಅಲ್ಲಿರುವುದು ಸೊಪ್ಪು, ದರಕು ತರುವಂತಹ ಸೌಲಭ್ಯಗಳು ಮಾತ್ರ. ಮರ ಕಡಿದು ಫಲಕ ನೆಡುವುದಕ್ಕೆ ಅಲ್ಲಿ ಅವಕಾಶವಿಲ್ಲ, ಇರಲೂ ಬಾರದು. ಸಂಘದ ಗೋದಾಮು, ವ್ಯಾಪಾರಾಂಗಣ, ಅಕ್ಕಿ ಗಿರಣಿ, ಸಂಸ್ಕರಣಾ ಘಟಕಗಳ ವಿಶಾಲವಾದ ಮಾಡುಗಳು ಇದಕ್ಕೆ ಸಾಕು.

ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ 1923ರಲ್ಲಿ ಹುಟ್ಟಿದಾಗ ಅದು ಮಾಡಿದ ಕೆಲಸವೇನೆಂದು ನೆನಪಿಸಿಕೊಳ್ಳಿ. ಒಂಟಿ ಬೆಳೆಗಾರ ವ್ಯಾಪಾರಿಯ ಮುಂದೆ ಬಲಹೀನನಾಗಿದ್ದ. ಸಂಘ ಎಲ್ಲರ ಅಡಿಕೆಯನ್ನು ಒಂದೆಡೆ ತಂದು, ತೂಗಿ, ಟೆಂಡರಿನಲ್ಲಿ ಇಟ್ಟು, ಬೆಲೆ ಕೇಳುವ ಬಲವನ್ನು ಸದಸ್ಯನಿಗೆ ಕೊಟ್ಟಿತು. ಹೊನ್ನಾವರದ ಓದುಗರಿಗೆ ವಿವರಿಸಿದ ಅಗ್ರಿಗೇಟರಿನ ಕೆಲಸ ಸ್ವಭಾವದಲ್ಲಿ ಇದೇ ಆಗಿದೆ. ಅದನ್ನು ಹೊರಗಿನ ಸಂಸ್ಥೆ ಮಾಡಿದರೆ ಲಾಭ ಹೊರಗೆ ಹೋಗುತ್ತದೆ, ಸಂಘವೇ ಮಾಡಿದರೆ ಸದಸ್ಯರಲ್ಲಿ ಉಳಿಯುತ್ತದೆ. ವ್ಯತ್ಯಾಸವೂ ದೊಡ್ಡದಿದೆ: ಅಡಿಕೆಗೆ ಬೆಲೆ ಬರುವ ತನಕ ಗೋದಾಮಿನಲ್ಲಿ ಇಡಬಹುದು, ವಿದ್ಯುತ್ತಿಗೆ ಆ ಸೌಲಭ್ಯ ಬಹಳ ದುಬಾರಿ. ಮುಂಚಿತವಾಗಿ ಹೇಳಿದಷ್ಟನ್ನು ಆಯಾ 15 ನಿಮಿಷದಲ್ಲೇ ಕೊಡಬೇಕು, ತಪ್ಪಿದರೆ ದಂಡ ತೆರಬೇಕು ಎಂಬ ಶಿಸ್ತು ದೊಡ್ಡ ಮಾರಾಟಗಾರರಿಗೆ ಇದ್ದೇ ಇದೆ.

ಉದಾಹರಣೆಗಳು ದೂರದಲ್ಲಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ನಡೆದುಬಂದಿದೆ. ಸಗಟಾಗಿ ವಿದ್ಯುತ್ ಕೊಂಡು ತನ್ನ ಸೀಮೆಯ ಹಳ್ಳಿಗಳಿಗೆ ತಾನೇ ಹಂಚುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ ಕೆಲವೇ ರೈತರು ಸೇರಿ ಸೌರ ಪಂಪುಗಳ ಸಹಕಾರಿ ಸಂಘ ಮಾಡಿಕೊಂಡು, ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಹಂಚಿಕೆ ಕಂಪನಿಗೆ ಮಾರಿದರು. ನೀರನ್ನು ವ್ಯರ್ಥವಾಗಿ ಎತ್ತುವ ಬದಲು ವಿದ್ಯುತ್ತನ್ನು ಮಾರಿದರೆ ಹಣ ಬರುತ್ತದೆ ಎಂಬುದು ಅಲ್ಲಿ ಅಂತರ್ಜಲಕ್ಕೂ ಕಾವಲಾಯಿತು.

2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ‘ಎ’ ವಿಭಾಗದಲ್ಲಿ ರೈತರ ಜೊತೆಗೆ ಸಹಕಾರಿ ಸಂಘಗಳು, ಪಂಚಾಯಿತಿಗಳು ಮತ್ತು ರೈತ ಉತ್ಪಾದಕ ಸಂಸ್ಥೆಗಳೂ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗೆ ಘಟಕ ಹಾಕಿ ಕಂಪನಿಗೆ ನಿಗದಿತ ದರಕ್ಕೆ ಮಾರಲು ಅವಕಾಶವಿದೆ. ಒಂದು ಮೆಗಾವ್ಯಾಟಿಗೆ 4ರಿಂದ 5 ಎಕರೆ ಬೇಕಾಗುವುದರಿಂದ, ಗದ್ದೆ ತೋಟಗಳಿಗೇ ಜಾಗ ಸಾಲದ ಘಟ್ಟದ ಮೇಲೆ ಇದು ಕಷ್ಟ. ನಿಮ್ಮ ಸಂಘ ಮೊದಲು ತನ್ನದೇ ಕಟ್ಟಡಗಳ ಹಗಲಿನ ಬಳಕೆಗೆ ಸರಿಹೊಂದುವಷ್ಟು ಘಟಕ ಹಾಕಲಿ, ಒಂದು ಪೂರ್ತಿ ವರ್ಷದ ಉತ್ಪಾದನೆಯ ದಾಖಲೆ ಇಡಲಿ. ಮಳೆಗಾಲದ ಮೂರು ತಿಂಗಳ ನಿಜವಾದ ಅಂಕಿ ಕೈಯಲ್ಲಿಲ್ಲದೆ ಯಾವ ಮಾರಾಟದ ಕರಾರಿಗೂ ಸಹಿ ಹಾಕಬಾರದು.

ಪ್ರಶ್ನೆ: ನಮ್ಮ ತೋಟದ ಹಳ್ಳಕ್ಕೆ 1 ಕಿಲೋವ್ಯಾಟಿನ ಕಿರು ಜಲವಿದ್ಯುತ್ ಯಂತ್ರ ಹಾಕಿಸಿದ್ದೇವೆ. ಅದರ ಕರೆಂಟನ್ನೂ ಮಾರಬಹುದೇ?
– ಕೃಷಿಕರು, ಯಲ್ಲಾಪುರ ತಾಲ್ಲೂಕು

ಉತ್ತರ: ನಮ್ಮಲ್ಲಿನ ನೆಟ್ ಮೀಟರಿಂಗ್ ವ್ಯವಸ್ಥೆ ಮಾಡಿನ ಮೇಲಿನ ಸೌರ ಘಟಕಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ, ಇಷ್ಟು ಸಣ್ಣ ಯಂತ್ರಕ್ಕೆ ಗ್ರಿಡ್ ಜೋಡಣೆಯ ಖರ್ಚೂ ಗಿಟ್ಟುವುದಿಲ್ಲ. ಹಳ್ಳದ ನೀರು ಜೋರಾಗಿರುವುದು ಫಲಕಗಳು ಸೊರಗುವ ಕಾಲದಲ್ಲೇ ಆದ್ದರಿಂದ, ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸಿಕೊಂಡು ಮನೆಗೇ ಬಳಸಿಕೊಳ್ಳಿ. ಲೈನು ಹೋದ ದಿನಗಳಲ್ಲಿ ಅದರ ಬೆಲೆ ಯಾವ ಮಾರಾಟ ದರಕ್ಕಿಂತಲೂ ಹೆಚ್ಚು.

ಪ್ರಶ್ನೆ: ಮನೆಮನೆಯಲ್ಲಿ ಉತ್ಪಾದನೆಯಾಗುವ ಕಾಲದಲ್ಲೂ ಶರಾವತಿ ಪಂಪ್ಡ್ ಸ್ಟೋರೇಜ್‌ನಂತಹ ಬೃಹತ್ ಯೋಜನೆ ಬೇಕೇ?
– ಯುವ ಓದುಗರು, ಗೇರುಸೊಪ್ಪೆ

ಉತ್ತರ: ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿಗೆ ಯೋಜಿಸಿರುವ ಈ ಘಟಕವೂ ಹೊಸ ಮಾರುಕಟ್ಟೆಯ ಒಂದು ಹೊಸ ಪಾತ್ರವೇ. ಅಗ್ಗದ ಹೊತ್ತಿನಲ್ಲಿ ವಿದ್ಯುತ್ ಕೊಂಡು ನೀರನ್ನು ಮೇಲೆತ್ತಿ, ತುಟ್ಟಿಯ ಹೊತ್ತಿನಲ್ಲಿ ಕೆಳಗೆ ಬಿಟ್ಟು ಮಾರುತ್ತದೆ. ನಾಲ್ಕು ಯೂನಿಟ್ ಹಾಕಿದರೆ ಸುಮಾರು ಮೂರು ಯೂನಿಟ್ ಹಿಂದಕ್ಕೆ ಬರುತ್ತದೆ. ರಾಜ್ಯದ ಸಂಜೆಯ ಬೇಡಿಕೆಯನ್ನು ಮಾಡಿನ ಮೇಲಿನ ಫಲಕಗಳಿಂದಲೇ ತೂಗಿಸಬಹುದೆಂದು ಹೇಳಿದರೆ ಅದು ಸುಳ್ಳಾಗುತ್ತದೆ, ಏಕೆಂದರೆ ಸೂರ್ಯ ಮುಳುಗಿದ ಮೇಲೆಯೇ ಆ ಬೇಡಿಕೆ ಏಳುತ್ತದೆ. ಸಂಗ್ರಹಣೆ ಬೇಕೇ ಬೇಕು. ಅದು ಎಲ್ಲಿರಬೇಕು, ಎಷ್ಟು ಬೇಕು ಎಂಬುದು ಚರ್ಚೆಯ ವಿಷಯ. ಐಸ್ ಪ್ಲಾಂಟು, ಶೀತಲಗೃಹ, ಪಂಪುಸೆಟ್ಟುಗಳ ಬೇಡಿಕೆಯನ್ನು ಹಗಲಿಗೆ ಸರಿಸಿದರೆ ಸಂಜೆಯ ಹೊರೆ ಎಷ್ಟು ಇಳಿಯುತ್ತದೆ, ಉಪಕೇಂದ್ರಗಳಲ್ಲಿ ಬ್ಯಾಟರಿ ಇಟ್ಟರೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕವನ್ನು ಮೊದಲು ಜನರ ಮುಂದಿಡಬೇಕು. 2019ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಕಾಡಿಗೆ ಕೈಯಿಡುವ ಯೋಜನೆಗೆ ಆ ಲೆಕ್ಕವಿಲ್ಲದೆ ಒಪ್ಪಿಗೆ ಕೇಳುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ನಿಲುವು.

ಪ್ರಶ್ನೆ: ಇಷ್ಟೆಲ್ಲ ನಿಯಮಗಳು ಬದಲಾಗುವಾಗ ನಮ್ಮಂತಹವರ ಮಾತನ್ನು ಎಲ್ಲಿ ಹೇಳಬೇಕು?
– ಓದುಗರು, ಭಟ್ಕಳ

ಉತ್ತರ: ಹೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಸಲ್ಲಿಸಿದಾಗ ಕೆಇಆರ್‌ಸಿ ಪತ್ರಿಕೆಗಳಲ್ಲಿ ಪ್ರಕಟಣೆ ನೀಡಿ ಆಕ್ಷೇಪಣೆ ಕರೆಯುತ್ತದೆ, ಬಳಿಕ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಬಹುದು, ವಕೀಲರ ಅಗತ್ಯವಿಲ್ಲ. ಬಿಲ್ಲು, ಮೀಟರು, ಸೌರ ಸಂಪರ್ಕದ ವಿಳಂಬ ಮುಂತಾದ ವೈಯಕ್ತಿಕ ದೂರುಗಳಿಗೆ ಮೊದಲು ನಿಮ್ಮ ಉಪವಿಭಾಗದ ಕಚೇರಿ, ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದಾದ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ದೂರಿನಲ್ಲಿ ಆರ್‌ಆರ್ ನಂಬರು, ಅರ್ಜಿ ಕೊಟ್ಟ ದಿನಾಂಕ ಮತ್ತು ಸ್ವೀಕೃತಿಯ ಪ್ರತಿ ಇರಲಿ. ವಿಚಾರಣೆಗೆ ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಮೀನುಗಾರರ ಸಂಘ, ಬೆಳೆಗಾರರ ಸಂಘ, ಸ್ತ್ರೀಶಕ್ತಿ ಗುಂಪುಗಳ ಹೆಸರಿನಲ್ಲಿ ಅಂಕಿಸಂಖ್ಯೆಗಳೊಂದಿಗೆ ಹೋದರೆ ಆಯೋಗದ ಆದೇಶದಲ್ಲಿ ನಿಮ್ಮ ಆಕ್ಷೇಪಣೆಗೆ ಲಿಖಿತ ಉತ್ತರ ಪಡೆಯುವುದು ಸುಲಭ. ಬೇರೆ ಜಿಲ್ಲೆಗಳ ಕೈಗಾರಿಕಾ ಸಂಘಗಳು ವರ್ಷ ವರ್ಷವೂ ಹೀಗೆಯೇ ಮಾಡುತ್ತ ಬಂದಿವೆ.